ಹಬ್ಬದ ಸಾಮಾನಿನ ಗುಳಿಗೆ

ಕಸ್ತೂರಮ್ಮನ ಬಾಯಲ್ಲಿ ಎಲ್ಲರಿಗಿರುವಷ್ಟೇ ಹಲ್ಲು. ಆದರೆ ಚನ್ನಗಿರಿಯ ಕೋಟೆ ಕೆಳಗಿನ ಓಣಿಯ ಹೆಂಗಸರನ್ನು ಕೇಳಿದರೆ ಆಕೆಗೆ ಇನ್ನೂ ಎರಡು ಸಾಲು ಹೆಚ್ಚಿಗೇ ಇರಬೇಕು. ನಾಲ್ಕು ವರ್ಷದಿಂದ ಬೆಳಗಿನ ದಾವಣಗೆರೆ ಬಸ್ಸಿಗೆ ನಿಂತಿರುತ್ತಾಳೆ, ಕೇಳಿದರೆ ಹಲ್ಲುನೋವು. ‘ಯಾವ ಹಲ್ಲವ್ವಾ ಅದು, ಇನ್ನೂ ಕಿತ್ತಿಲ್ವಾ?’ ಎಂದು ಎದುರುಮನೆಯ ದುರುಗಮ್ಮ ಬೇಕೆಂದೇ ಕೇಳುವಳು. ಕಸ್ತೂರಮ್ಮ ಕೆನ್ನೆ ಹಿಡಿದುಕೊಂಡು, ‘ಹೂಂ ಕಣವ್ವಾ, ಬೇರು ಗಟ್ಟಿ ಐತಂತೆ’ ಅನ್ನುವಳು. ಹೇಳುವವಳಿಗೂ ಗೊತ್ತು, ಕೇಳುವವಳಿಗೂ ಗೊತ್ತು. ಮದುವೆಯಾಗಿ ಒಂಬತ್ತು ವರ್ಷವಾದರೂ ಮಡಿಲು ತುಂಬದ ಹೆಂಗಸು ಹಲ್ಲು ತೋರಿಸಲು ದಾವಣಗೆರೆಗೆ ಹೋಗುತ್ತಾಳೆಂದು ನಂಬುವಷ್ಟು ದಡ್ಡರು ಆ ಓಣಿಯಲ್ಲಿ ಯಾರೂ ಇರಲಿಲ್ಲ.

ಸುಳ್ಳು ಕಸ್ತೂರಮ್ಮನದಲ್ಲ, ಅತ್ತೆ ಕಲ್ಲಮ್ಮನದು. ಕಲ್ಲಮ್ಮ ಕೆಟ್ಟವಳೇನಲ್ಲ. ಗಂಡ ಹೋದಮೇಲೆ ಇಬ್ಬರು ಗಂಡುಮಕ್ಕಳನ್ನು, ಒಬ್ಬ ಮಗಳನ್ನು ದಡ ಮುಟ್ಟಿಸಿದ ಗಟ್ಟಿಗಿತ್ತಿ. ಆದರೆ ಮನೆಯ ಮಾತು ಹೊಸ್ತಿಲು ದಾಟಬಾರದು ಎಂಬುದು ಆಕೆಯ ಹಟ. ಹಿರಿಯ ಮಗ ಮಹೇಶ್ವರಪ್ಪ ಅಡಿಕೆ ಮಂಡಿಯಲ್ಲಿ ವ್ಯಾಪಾರ ಮಾಡುವವನು, ಹೆಂಡತಿಯನ್ನು ಕಂಡರೆ ಪ್ರೀತಿ, ತಾಯಿಯನ್ನು ಕಂಡರೆ ನಡುಕ. ಕಿರಿಯ ಸೊಸೆ ಪ್ರೇಮಮ್ಮ ಶಿವಮೊಗ್ಗದ ಹುಡುಗಿ, ಬಂದ ಮೂರು ವರ್ಷಕ್ಕೆ ಎರಡು ಹೆತ್ತು ಕೂತಿದ್ದಳು. ಕಸ್ತೂರಮ್ಮ ಜಗಳೂರು ಸೀಮೆಯ ಬಿಳಿಚೋಡಿನವಳು. ‘ಆ ಬೆಂಗಾಡಿನಿಂದ ಹೆಣ್ಣು ತಂದ್ರೆ ಇನ್ನೇನಾಗತೈತೆ’ ಎಂದು ನೆಂಟರು ಬೆನ್ನಹಿಂದೆ ಆಡಿಕೊಂಡದ್ದು ಆಕೆಯ ಕಿವಿಗೂ ಬಿದ್ದಿತ್ತು. ಆಡುವ ಬಾಯಿಗೆ ಹೊಲಿಗೆ ಹಾಕಲಿಕ್ಕಾಗುತ್ತದೆಯೇ?

ಆ ನಾಲ್ಕು ವರ್ಷದ ಕಥೆ ಹೇಳಹೋದರೆ ಹೇಳುವವರಿಗೇ ಸುಸ್ತು. ಮೊದಲ ವರ್ಷ ಪೂರ್ತಿ ಮಹೇಶ್ವರಪ್ಪನ ಪರೀಕ್ಷೆಗೆ ಕಾಯುವುದರಲ್ಲೇ ಕಳೆಯಿತು. ಅಡಿಕೆ ಸುಗ್ಗಿ ಮುಗಿಯಲಿ ಅಂದ, ಸುಗ್ಗಿ ಮುಗಿದ ಮೇಲೆ ರೇಟು ಏರಲಿ ಅಂದ, ರೇಟು ಏರಿದ ಮೇಲೆ ಪುರುಸೊತ್ತಿಲ್ಲ ಅಂದ. ಕೊನೆಗೆ ಒಂದು ದಿನ ಕುತ್ತಿಗೆ ಕೊಯ್ಸಿಕೊಳ್ಳಲು ಹೊರಟ ಕುರಿಯಂತೆ ಹೋಗಿಬಂದ. ಅವನಲ್ಲಿ ಏನೂ ಕೊರತೆ ಇರಲಿಲ್ಲ. ಅದು ಗೊತ್ತಾದ ದಿನ ಮನೆಗೆಲ್ಲ ಖುಷಿ, ಕಸ್ತೂರಮ್ಮನಿಗೆ ಮಾತ್ರ ದಿಗಿಲು. ಕೊರತೆ ಇನ್ನು ಉಳಿದದ್ದು ಒಬ್ಬಳ ಪಾಲಿಗೇ ತಾನೆ?

ಆಮೇಲೆ ಬಣ್ಣದ ನೀರು ಬಿಟ್ಟು ಎಕ್ಸ್‌ರೇ ತೆಗೆಯಬೇಕು ಅಂದರು. ಹೋದರೆ ಮಿಷನ್ನು ಕೆಟ್ಟಿತ್ತು. ಮಿಷನ್ನು ರಿಪೇರಿಯಾದಾಗ ಇವಳಿಗೆ ಜ್ವರ. ಜ್ವರ ಬಿಟ್ಟಾಗ ಮೈಯಲ್ಲಿ ರಕ್ತ ಕಡಿಮೆ, ಮೊದಲು ಟಾನಿಕ್ಕು ಕುಡಿ ಎಂದರು. ಕುಡಿದು ಕುಡಿದು ನಾಲಗೆ ಕಪ್ಪಾಯಿತು. ಅಂತೂ ಎಕ್ಸ್‌ರೇ ಆಯಿತು, ಗರ್ಭನಾಳಗಳು ಸರಿಯಾಗಿವೆ ಎಂದರು. ಹಾಗಾದರೆ ಏನು ದೋಷ? ತಿಂಗಳ ಮುಟ್ಟು ನೆಟ್ಟಗಿಲ್ಲ, ಅಷ್ಟೇ ದೋಷ.

ಡಾಕ್ಟರು ಶಾಂತಾದೇವಿ ಖಂಡತುಂಡವಾಗಿ ಮಾತಾಡುವ ಹೆಂಗಸು. ‘ನೋಡಮ್ಮಾ, ಮುಟ್ಟಾದ ಐದನೇ ದಿನದಿಂದ ಈ ಮಾತ್ರೆ ಶುರು. ಮೂರು ತಿಂಗಳು ಬಿಡದೆ ನಡೆಸಬೇಕು. ಮುಟ್ಟು ತನ್ನ ಹೊತ್ತಿಗೆ ತಾನು ಬರ್ತಾ ಹೋದರೆ ಮೂರು ತಿಂಗಳಲ್ಲಿ ಒಂದು ದಾರಿ ಕಾಣುತ್ತೆ. ನಡುವೆ ತಪ್ಪಿದರೆ ಮತ್ತೆ ಮೊದಲಿಂದ’ ಎಂದು ಹೇಳಿದ್ದಳು.

ಈ ಮೂರು ತಿಂಗಳು ಅನ್ನುವುದು ಕಸ್ತೂರಮ್ಮನ ಪಾಲಿಗೆ ಕೊನೆಗೂ ಬರಲೇ ಇಲ್ಲ. ಒಂದು ತಿಂಗಳು ಸರಿಯಾಗುವುದು, ಎರಡನೆಯದು ಸರಿಯಾಗುವುದು, ಮೂರನೆಯದಕ್ಕೆ ಮುಟ್ಟು ಎಲ್ಲೋ ಹೋಗಿಬಿಡುವುದು. ಕೆಲವು ಸಲ ವಾರಗಟ್ಟಲೆ ತಡ, ಕೆಲವು ಸಲ ಬಂದದ್ದು ನಿಲ್ಲುತ್ತಲೇ ಇರಲಿಲ್ಲ. ತಡವಾದಾಗಲೆಲ್ಲ ಮನೆಯಲ್ಲಿ ಆಸೆ. ಕಲ್ಲಮ್ಮ ಮಾವಿನಕಾಯಿ ತರಿಸುವಳು, ಮಹೇಶ್ವರಪ್ಪ ಮಂಡಿಯಿಂದ ಬೇಗ ಬರುವನು. ಆಮೇಲೆ ಒಂದು ಬೆಳಗ್ಗೆ ಕಸ್ತೂರಮ್ಮ ಸುಮ್ಮನೆ ಹಿತ್ತಿಲ ಕೋಣೆಯಲ್ಲಿ ಚಾಪೆ ಹಾಸಿಕೊಂಡು ಕೂತಿರುವಳು. ಯಾರೂ ಏನೂ ಅನ್ನುತ್ತಿರಲಿಲ್ಲ. ಅನ್ನದೇ ಇರುವುದೇ ಹೆಚ್ಚು ಹಿಂಸೆಯಾಗುತ್ತಿತ್ತು.

ಕಲ್ಲಮ್ಮ ಹಿತ್ತಿಲ ಕೋಣೆಯ ವಿಷಯದಲ್ಲಿ ಬಲು ಕಟ್ಟುನಿಟ್ಟು. ಮುಟ್ಟಾದವರು ನಡುಮನೆಗೆ ಕಾಲಿಡುವಂತಿಲ್ಲ. ಮನೆದೇವರು ವೀರಭದ್ರ, ಕೇಳಬೇಕೆ? ಮೇಲಾಗಿ ಹಬ್ಬದ ದಿನ ಜಗಲಿಯ ದೇವರಿಗೆ ದೀಪ ಹಚ್ಚುವುದು ಹಿರಿಸೊಸೆಯ ಕೈಯೇ ಆಗಬೇಕು ಎಂದು ಕಲ್ಲಮ್ಮನ ಅತ್ತೆಯ ಕಾಲದಿಂದ ಬಂದ ಕಟ್ಟಳೆ. ಹಬ್ಬಕ್ಕೆ ಸರಿಯಾಗಿ ಹಿರಿಸೊಸೆ ಹೊರಗೆ ಕೂತರೆ? ಅದಕ್ಕೂ ಒಂದು ಉಪಾಯ ಸಿಕ್ಕಿತ್ತು. ಶಿವಮೊಗ್ಗದ ಪ್ರೇಮಮ್ಮ ಬರುವಾಗ ತಂದ ಉಪಾಯ ಅದು. ಮೆಡಿಕಲ್ ಶಾಪಿನಲ್ಲಿ ಒಂದು ಗುಳಿಗೆ ಸಿಗುತ್ತದೆ, ನುಂಗುತ್ತಿದ್ದರೆ ಮುಟ್ಟು ಮುಂದಕ್ಕೆ ಹೋಗುತ್ತದೆ, ಬಿಟ್ಟ ಮೇಲೆ ಬರುತ್ತದೆ. ಕಲ್ಲಮ್ಮನಿಗೆ ಸ್ವರ್ಗ ಸಿಕ್ಕಂತಾಯಿತು. ಯುಗಾದಿ, ಶ್ರಾವಣ ಸೋಮವಾರ, ಗೌರಿಹುಣ್ಣಿಮೆ, ದೀಪಾವಳಿ, ಶಿವರಾತ್ರಿ, ಯಾವ ಹಬ್ಬ ಬಂದರೂ ಸಂತೆಯ ಚೀಲದಲ್ಲಿ ಕರ್ಪೂರ, ಊದಿನಕಡ್ಡಿ, ವಿಭೂತಿ, ಜೊತೆಗೆ ಕಾಗದದಲ್ಲಿ ಕಟ್ಟಿದ ಗುಳಿಗೆ. ತಂದದ್ದನ್ನು ಇಡುತ್ತಿದ್ದುದೂ ದೇವರ ಗೂಡಿನಲ್ಲೇ. ಅದನ್ನು ಔಷಧವೆಂದು ಆ ಮನೆಯಲ್ಲಿ ಯಾರೂ ಯಾವತ್ತೂ ತಿಳಿದಿರಲಿಲ್ಲ. ಅದು ಹಬ್ಬದ ಸಾಮಾನು.

ಎಂಬತ್ತನಾಲ್ಕನೇ ಇಸವಿಯ ಮಳೆಗಾಲ ಶುರುವಾಗುವ ಹೊತ್ತಿಗೆ ಡಾಕ್ಟರಿಗೂ ಬೇಸರ ಬಂದಿತ್ತು. ‘ಇನ್ನು ಮಾತ್ರೆಯಿಂದ ಆಗೋದಿಲ್ಲ. ಹೊಟ್ಟೆ ಕೊಯ್ದು ಅಂಡಾಶಯದ ಒಂದು ಚೂರು ತೆಗೆದರೆ ಮುಟ್ಟು ಸರಿಹೋಗಬಹುದು. ಆಪರೇಷನ್ ಮಾಡಿಬಿಡೋಣ’ ಎಂದಳು. ಕಸ್ತೂರಮ್ಮ ಹೂಂ ಅಂದಳು. ಆಗಲೇ ಅವಳಿಗೆ ಯಾವುದಕ್ಕೂ ಊಹೂಂ ಅನ್ನುವ ಚೈತನ್ಯ ಉಳಿದಿರಲಿಲ್ಲ. ಕೊಯ್ಯುವುದಾದರೆ ಕೊಯ್ಯಲಿ, ಮುಗಿದರೆ ಸಾಕು ಅನ್ನಿಸಿತ್ತು. ಮೊದಲು ಗೊತ್ತುಮಾಡಿದ ದಿನ ಅರಿವಳಿಕೆ ಕೊಡುವ ಡಾಕ್ಟರು ಬರಲಿಲ್ಲ. ಎರಡನೇ ಸಲ ಇವಳಿಗೆ ಕೆಮ್ಮು. ಮೂರನೇ ಸಲ ಗಂಡ ಹೆಂಡತಿ ಇಬ್ಬರೂ ಬಟ್ಟೆಬರೆ ಕಟ್ಟಿಕೊಂಡು ಹೋಗಿ ಆಸ್ಪತ್ರೆಯ ಬೆಂಚಿನ ಮೇಲೆ ಕೂತರು.

ಅಲ್ಲಿ ಸಿಕ್ಕವಳು ನ್ಯಾಮತಿಯ ಅಖ್ತರ್‌ಬೀ. ಅವಳದೂ ಇದೇ ಪಾಡು, ಮೂರು ವರ್ಷದ ಬೆಂಚಿನ ಗೆಳತಿ. ಗಂಡ ರಸೂಲ್‌ನದು ಸೈಕಲ್ ಅಂಗಡಿ. ಕಸ್ತೂರಮ್ಮ ಮಾತು ಕಡಿಮೆಯವಳಾದರೆ ಅಖ್ತರ್‌ಬೀ ಇಬ್ಬರ ಪಾಲಿನದೂ ತಾನೇ ಆಡುವವಳು. ಮಹೇಶ್ವರಪ್ಪ ಕಾಫಿ ತರುವ ನೆಪದಲ್ಲಿ ಎದ್ದುಹೋದ. ಹೆಂಗಸರ ಬೆಂಚಿನ ಹತ್ತಿರ ಅವನಿಗೆ ಯಾವಾಗಲೂ ಮೈಮೇಲೆ ಮುಳ್ಳು.

ರಂಜಾನ್ ಮುಗಿದು ಕೆಲವೇ ದಿನವಾಗಿತ್ತು. ‘ಸೊರಗೀಯಲ್ಲ ಅಖ್ತರಕ್ಕಾ’ ಎಂದು ಕಸ್ತೂರಮ್ಮ ಕೇಳಿದಳು.

‘ರೋಜಾ ಇದ್ದೆ ನೋಡಕ್ಕಾ. ಇನ್ನೂ ಒಂದಷ್ಟು ಬಾಕಿ ಐತೆ, ಹಿಡೀಬೇಕು.’

‘ಹಬ್ಬ ಆಗೋಯ್ತಲ್ಲ, ಇನ್ನೆಂಥ ಉಪವಾಸ ಬಾಕಿ?’

‘ಮುಟ್ಟಿನ ದಿನದಾಗೆ ನಮಗೆ ರೋಜಾ ಇಲ್ಲ, ನಮಾಜೂ ಇಲ್ಲ. ಮಾಫಿ. ರೋಜಾ ಮಾತ್ರ ಆಮೇಲೆ ತೀರಿಸಬೇಕು.’

‘ನಿಮ್ಮದು ವಾಸಿ’ ಎಂದಳು ಕಸ್ತೂರಮ್ಮ. ‘ನಮ್ಮ ಹಬ್ಬ ಆಮೇಲೆ ತೀರಿಸಾಕೆ ಬರಲ್ಲ. ಹಿರೀಸೊಸೇನೇ ದೀಪ ಹಚ್ಚಬೇಕು. ಅದಕ್ಕೇ ಗುಳಿಗೆ ತಗೊಂಬಿಡೋದು.’

‘ಎಂಥಾ ಗುಳಿಗೆ?’

‘ಅದೇ, ಮುಂದಕ್ಕೆ ಹಾಕೋದು.’

ಅಖ್ತರ್‌ಬೀ ತಿರುಗಿ ಕೂತಳು. ‘ವರ್ಷಕ್ಕೆ ಎಷ್ಟು ಸಲ?’

‘ಹಬ್ಬ ಬಂದಾಗ. ನಮ್ಮಲ್ಲಿ ಹಬ್ಬಕ್ಕೇನು ಬರವಾ?’ ಕಸ್ತೂರಮ್ಮ ನಕ್ಕಳು.

ಅಖ್ತರ್‌ಬೀ ನಗಲಿಲ್ಲ. ‘ಡಾಕ್ಟರಮ್ಮಗೆ ಹೇಳೀಯಾ?’

‘ಇದ್ರಾಗೆ ಹೇಳೋದೇನೈತೆ? ಬ್ಯಾರೆ ಏನಾದ್ರೂ ಔಷಧ ತಗೊಂತೀಯಾ ಅಂತ ಕೇಳಿದ್ರು. ಇಲ್ಲ ಅಂದೆ.’

‘ಯಾ ಅಲ್ಲಾ! ಏಳು, ಏಳಕ್ಕಾ ಮೊದಲು!’ ಎಂದವಳೇ ಅಖ್ತರ್‌ಬೀ ಕಸ್ತೂರಮ್ಮನ ಕೈ ಹಿಡಿದು ಎಳೆದುಕೊಂಡು, ನರ್ಸು ಬೇಡ ಬೇಡ ಅನ್ನುತ್ತಿದ್ದರೂ ಕೇಳದೆ, ಡಾಕ್ಟರ ಕೋಣೆಯ ಬಾಗಿಲು ದೂಡಿದಳು.

ಶಾಂತಾದೇವಿ ಮೊದಲು ನಂಬಲಿಲ್ಲ. ಆಮೇಲೆ ಒಂದೊಂದೇ ಹಬ್ಬದ ಹೆಸರು ಹಿಡಿದು ಕೇಳಿದಳು, ಕಸ್ತೂರಮ್ಮ ಪ್ರತಿಯೊಂದಕ್ಕೂ ತಲೆ ಆಡಿಸಿದಳು. ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲೆ ಕುಕ್ಕಿದಳು.

‘ನಾನು ಒಂದು ಕಡೆಯಿಂದ ಕಟ್ಟುತ್ತಾ ಬರ್ತೀನಿ, ನೀನು ಇನ್ನೊಂದು ಕಡೆಯಿಂದ ಬಿಚ್ಚುತ್ತಾ ಬರ್ತೀಯ! ನಾಲ್ಕು ವರ್ಷ ಹೊಳೇಲಿ ಹುಣಸೆಹಣ್ಣು ಕಿವುಚಿದ ಹಾಗಾಯ್ತಲ್ಲಮ್ಮಾ! ಇವತ್ತು ನಿನ್ನ ಹೊಟ್ಟೆ ಕೊಯ್ಯೋಳಿದ್ದೆ ನಾನು, ಗೊತ್ತಾ ನಿಂಗೆ?’

ಕಸ್ತೂರಮ್ಮನಿಗೆ ಅಳು ಬರಲಿಲ್ಲ. ನಾಲ್ಕು ವರ್ಷ ಎಂಬ ಮಾತು ಮಾತ್ರ ಕಿವಿಯಲ್ಲಿ ಉಳಿಯಿತು. ಇಪ್ಪತ್ತೇಳರಲ್ಲಿ ಈ ಬೆಂಚಿಗೆ ಬಂದವಳಿಗೆ ಈಗ ಮೂವತ್ತೊಂದು.

ಸ್ವಲ್ಪ ಹೊತ್ತಿಗೆ ಡಾಕ್ಟರ ದನಿ ಇಳಿಯಿತು. ‘ತಪ್ಪು ನಂದೂ ಇದೆ. ಬಿಡಿಸಿ ಕೇಳಬೇಕಾಗಿತ್ತು. ಆಪರೇಷನ್ ಬೇಡ. ಆ ಗುಳಿಗೆ ಮುಟ್ಟಬೇಡ. ಮೂರು ತಿಂಗಳು ನನ್ನ ಮಾತ್ರೆ ಮಾತ್ರ, ಮುಟ್ಟು ತನ್ನ ಹೊತ್ತಿಗೆ ತಾನು ಬರಲಿ. ಹಬ್ಬ ಬರಲಿ, ಹುಣ್ಣಿಮೆ ಬರಲಿ, ದೇವರೇ ಬರಲಿ.’

‘ಮತ್ತೆ ಮೊದಲಿಂದನಾ?’ ಎಂದಳು ಕಸ್ತೂರಮ್ಮ.

‘ಮೊದಲಿಂದ’ ಎಂದಳು ಡಾಕ್ಟರು.

ಬಸ್ಸಿನಲ್ಲಿ ಗಂಡನಿಗೆ ಹೇಳಿದಳು. ಸಂತೇಬೆನ್ನೂರು ದಾಟಿದ ಮೇಲೆ ಅವನು, ‘ಅವ್ವಗೆ ನಾನು ಹೇಳ್ತೀನಿ ಬಿಡು’ ಎಂದ. ಹೇಳಲಿಲ್ಲ. ಇವತ್ತು ಹೇಳಿಯಾನು, ನಾಳೆ ಹೇಳಿಯಾನು ಎಂದು ಕಸ್ತೂರಮ್ಮ ಕಾದಳು. ಕಾಯುವುದು ಅವಳಿಗೆ ಹೊಸದೇ?

ಆ ಹೊತ್ತಿಗೆ ಕಲ್ಲಮ್ಮ ಬೇರೆ ಒಂದು ಏರ್ಪಾಟು ಮಾಡಿದ್ದಳು. ಸೊಸೆಯ ಹೊಟ್ಟೆ ತಣ್ಣಗಾಗಲೆಂದು ವೀರಭದ್ರನಿಗೆ ಗುಗ್ಗಳದ ಹರಕೆ ಹೊತ್ತಿದ್ದಳು. ಕೆಂಡದ ಕೊಡ ಹೊತ್ತು, ಸಮಾಳ ಬಾರಿಸಿಕೊಂಡು, ಮನೆಯಿಂದ ಗುಡಿಯವರೆಗೆ ಮೆರವಣಿಗೆ. ಮುಂದೆ ಕಳಸ ಹಿಡಿಯುವವಳು ಹಿರಿಸೊಸೆ. ಶ್ರಾವಣದ ಕೊನೇ ಸೋಮವಾರಕ್ಕೆ ದಿನ ಗೊತ್ತಾಯಿತು. ಹೊನ್ನಾಳಿಯ ಮಗಳ ಮನೆಯವರಿಗೆ, ಬಿಳಿಚೋಡಿನ ಬೀಗರಿಗೆ ಹೇಳಿಕಳಿಸಿಯೂ ಆಯಿತು. ಸಂತೆಯಿಂದ ಕರ್ಪೂರ ಬಂತು, ಊದಿನಕಡ್ಡಿ ಬಂತು, ಜೊತೆಗೆ ಕಾಗದದ ಪೊಟ್ಟಣವೂ ಬಂತು.

‘ನಾಳೆಯಿಂದ ಶುರು ಮಾಡವ್ವಾ’ ಎಂದು ಕಲ್ಲಮ್ಮ ಅದನ್ನು ನೀಡಿದಳು.

ಕಸ್ತೂರಮ್ಮ ಕೈ ಚಾಚಲಿಲ್ಲ. ‘ಇದನ್ನ ತಗೊಂಡೇ ನಂಗೆ ಬಸುರು ನಿಲ್ಲಲಿಲ್ವಂತೆ ಅತ್ತೆ. ಡಾಕ್ಟರಮ್ಮ ಹೇಳಿದ್ರು. ಇನ್ನು ತಗಣಲ್ಲ.’

‘ಏನಂದಿ?’ ಕಲ್ಲಮ್ಮನ ಮುಖ ಕಪ್ಪಿಟ್ಟಿತು. ‘ದೇವರ ಕೆಲಸಕ್ಕೆ ಅಂತ ತಂದುಕೊಟ್ರೆ ನಾನು ವಿಷ ಇಟ್ಟೆ ಅಂತೀಯೇನೇ? ಪ್ರೇಮನೂ ನುಂಗಿದಳಲ್ಲ, ಎರಡು ಹೆರಲಿಲ್ವಾ?’

‘ಪ್ರೇಮನ ಮೈಯೇ ಬ್ಯಾರೆ, ನನ್ನ ಮೈಯೇ ಬ್ಯಾರೆ. ಅವಳು ಒಂದೆರಡು ಸಲ ತಗೊಂಡಿರಬೌದು. ನಾನು ಹಿರೀಸೊಸೆ ಅತ್ತೆ, ಒಂದು ಹಬ್ಬಾನೂ ಬಿಟ್ಟಿಲ್ಲ.’

ಕಲ್ಲಮ್ಮ ಮೂರು ದಿನ ಸೊಸೆಯ ಜೊತೆ ಮಾತು ಬಿಟ್ಟಳು. ನಾಲ್ಕನೇ ದಿನ ತಾನೇ ಬೆರಳು ಮಡಿಸಿ ಲೆಕ್ಕ ಹಾಕಿ, ‘ಗುಗ್ಗಳದ ಹೊತ್ತಿಗೆ ನಿಂದು ಮುಗಿದಿರತೈತೆ, ಬಿಡು’ ಎಂದಳು. ಪೊಟ್ಟಣವನ್ನು ಗೂಡಿನಿಂದ ತೆಗೆದು ಎಲ್ಲೋ ಇಟ್ಟಳು.

ಮೊದಲ ತಿಂಗಳು ಮುಟ್ಟು ಹೊತ್ತಿಗೆ ಸರಿಯಾಗಿ ಬಂದಿತ್ತು. ಎರಡನೇ ತಿಂಗಳು ಬರಬೇಕಾದ ದಿನ ಬರಲಿಲ್ಲ. ಮರುದಿನವೂ ಇಲ್ಲ, ಅದರ ಮರುದಿನವೂ ಇಲ್ಲ. ಗುಳಿಗೆಯಿಲ್ಲದೆ ಮುಂದಕ್ಕೆ ಹೋಗಿದೆ ಎಂದಮೇಲೆ ಇನ್ನೇನು ಅರ್ಥ? ಕಲ್ಲಮ್ಮ ಸೊಸೆಗೆ ಭಾರದ ಕೊಡ ಎತ್ತಲು ಬಿಡಲಿಲ್ಲ. ಮಹೇಶ್ವರಪ್ಪ ರಾತ್ರಿ ಊಟಕ್ಕೆ ಕೂತವನು ಹೆಂಡತಿಯ ಮುಖವನ್ನೇ ನೋಡುವನು. ಕಸ್ತೂರಮ್ಮನಿಗೆ ಹೆದರಿಕೆ. ಆಸೆ ಪಡಬಾರದು, ಆಸೆ ಪಡಬಾರದು ಎಂದು ಬಚ್ಚಲಲ್ಲಿ ಒಬ್ಬಳೇ ಹೇಳಿಕೊಳ್ಳುವಳು. ಆಸೆ ಯಾರ ಮಾತು ಕೇಳುತ್ತದೆ? ಗುಗ್ಗಳಕ್ಕೆ ಬಂದ ಹೊನ್ನಾಳಿಯ ನಾದಿನಿ ಬಾಗಿಲಲ್ಲೇ ಅವಳ ಗಲ್ಲ ಹಿಡಿದು ‘ಅವ್ವ ಎಲ್ಲಾ ಹೇಳಿದ್ಲು ಕಣೇ’ ಎಂದಾಗ ಅವಳಿಗೂ ನಗು ಬಂದುಬಿಟ್ಟಿತು. ಎಷ್ಟೋ ದಿನದ ಮೇಲೆ ಬಂದ ನಗು.

ಸೋಮವಾರ ಬೆಳಗ್ಗೆ ಅಂಗಳದ ತುಂಬ ಜನ. ಸಮಾಳ ಶುರುವಾಗಿತ್ತು. ಕತ್ತಿ ಹಿಡಿದ ಪುರವಂತ ವೀರಭದ್ರನ ಒಡಪು ಹೇಳಲು ಗಂಟಲು ಸರಿಮಾಡಿಕೊಳ್ಳುತ್ತಿದ್ದ. ಕಸ್ತೂರಮ್ಮ ಹಸಿರು ರೇಷ್ಮೆ ಸೀರೆ ಉಟ್ಟು, ಹೂ ಮುಡಿದು, ಕಳಸ ಎತ್ತುವ ಮೊದಲು ಒಂದು ಸಲ ಬಚ್ಚಲಿಗೆ ಹೋಗಿಬರುತ್ತೇನೆಂದು ಹೋದಳು.

ಹೋದವಳು ಅಲ್ಲೇ ಕೂತುಬಿಟ್ಟಳು. ಬಂದಿತ್ತು.

ಮುಚ್ಚಿಡಬಹುದು ಎಂದು ಅವಳಿಗೆ ಹೊಳೆಯಲಿಲ್ಲವೆಂದಲ್ಲ. ಯಾರು ಬಂದು ನೋಡುತ್ತಾರೆ? ಬಟ್ಟೆ ಕಟ್ಟಿಕೊಂಡು, ಕಳಸ ಹಿಡಿದು, ಗುಡಿಗೆ ಹೋಗಿಬಂದು, ನಾಳೆ ಹೇಳಿದರಾಯಿತು. ಆದರೆ ಇಷ್ಟು ವರ್ಷ ತನ್ನ ಮೈಯನ್ನು ಅತ್ತ ತಳ್ಳಿ ಇತ್ತ ತಳ್ಳಿ ಅವಳಿಗೆ ಸಾಕುಸಾಕಾಗಿತ್ತು. ಇನ್ನೊಂದು ದಿನ ತಳ್ಳಲು ರಟ್ಟೆಯಲ್ಲಿ ಬಲವಿರಲಿಲ್ಲ. ಹಿತ್ತಿಲ ಬಾಗಿಲಿಗೆ ಬಂದು, ‘ಅತ್ತೆ, ನಾನು ಹೊರಗಾದೆ’ ಎಂದಳು. ಮೆಲ್ಲಗೇ ಹೇಳಿದಳು. ಆದರೆ ನೆಂಟರಿದ್ದ ಮನೆಯಲ್ಲಿ ಗೋಡೆಗೆಲ್ಲ ಕಿವಿ. ನಡುಮನೆಯಿಂದ ಅಂಗಳಕ್ಕೆ, ಅಂಗಳದಿಂದ ಬೀದಿಗೆ ಗುಸುಗುಸು ಹಬ್ಬಿತು. ಸಮಾಳ ನಿಂತುಹೋಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಯಾರೋ ಮುದುಕಿ ಲೊಚಗುಟ್ಟಿದಳು. ಕಸ್ತೂರಮ್ಮ ರೇಷ್ಮೆ ಸೀರೆಯಲ್ಲೇ ಹಿತ್ತಿಲ ಕೋಣೆಯ ಚಾಪೆಯ ಮೇಲೆ ಗೋಡೆಗೊರಗಿ ಕೂತಳು.

ಗುಗ್ಗಳ ನಡೆಸಲು ಬಂದಿದ್ದ ಅಯ್ಯನವರು ಎಂಬತ್ತರ ಆಸುಪಾಸಿನ ಮುದುಕ. ‘ಯಾಕ್ರೀ ನಿಲ್ಸಿದ್ರಿ? ಬಿಸಿಲೇರತೈತೆ’ ಎಂದು ಗದರಿದರು.

ಕಲ್ಲಮ್ಮ ಸೆರಗು ಬಾಯಿಗಿಟ್ಟುಕೊಂಡು ಹೇಳಿದಳು, ‘ಹಿರೀಸೊಸೆ ಹೊರಗಾಗವಳೆ ಅಯ್ಯನೋರೇ. ಏನು ಮಾಡಾನ?’

‘ಅಷ್ಟೇನಾ?’ ಎಂದರು ಅಯ್ಯನವರು. ‘ಕೊರಳಾಗೆ ಲಿಂಗ ಐತಲ್ಲ? ಲಿಂಗ ಕಟ್ಟಿದವರಿಗೆ ಎಂಥ ಸೂತಕಾರೀ? ಮೈ ತೊಳಕಂಡು ಬರಾಕೆ ಹೇಳ್ರಿ ಅತ್ಲಾಗೆ.’

‘ಬರಬೌದಾ ಅಯ್ಯನೋರೇ?’ ಎಂದು ಕಲ್ಲಮ್ಮ ತೊದಲಿದಳು.

‘ನಿಮ್ಮ ಮಾವನ ಕಾಲದಿಂದ ಈ ಮನೆಗೆ ಬರ್ತಾ ಇದೀನಿ ಕಲ್ಲಮ್ಮಾ. ಒಂದು ದಿನನಾದ್ರೂ ಕೇಳಿದ್ರೆ ಹೇಳ್ತಿರಲಿಲ್ವಾ?’

ಹಿತ್ತಿಲ ಕೋಣೆಯಲ್ಲಿ ಕೂತವಳಿಗೆ ಪ್ರತಿಯೊಂದು ಮಾತೂ ಕೇಳಿಸಿತು. ದೇವರು ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರೆ. ಇಲ್ಲಿ ಪೂಜಾರಿ ಯಾವತ್ತೋ ಕೊಟ್ಟು ಕೂತಿದ್ದ, ಕೇಳಿದವರೇ ಇರಲಿಲ್ಲ. ಅಷ್ಟು ಯುಗಾದಿ, ಅಷ್ಟು ದೀಪಾವಳಿ, ಅಷ್ಟು ಶಿವರಾತ್ರಿ! ಯಾರ ಮೇಲೆ ಸಿಟ್ಟಾಗಬೇಕೆಂದು ಕಸ್ತೂರಮ್ಮ ಹುಡುಕಿದಳು. ಅತ್ತೆಯ ಮೇಲೆ, ಪ್ರೇಮಳ ಮೇಲೆ, ಬಾಯಿಲ್ಲದ ಗಂಡನ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ತಾನೂ ಕೇಳದೆ ನುಂಗಿದ ತನ್ನ ಮೇಲೆ ಸಿಟ್ಟು ಬಂತು. ಅದೂ ಹೆಚ್ಚು ಹೊತ್ತು ನಿಲ್ಲಲಿಲ್ಲ. ಸಿಟ್ಟಿಗೂ ತ್ರಾಣ ಬೇಕಲ್ಲ.

ಕಲ್ಲಮ್ಮ ಬಾಗಿಲಿಗೆ ಬಂದಳು. ‘ಏಳವ್ವಾ. ಬರಬೌದಂತೆ.’

‘ಬರಲ್ಲ ಅತ್ತೆ.’

‘ಜನ ಕಾಯ್ತಾ ಅವರೆ ಕಸ್ತೂರಿ. ದೇವರ ಮೇಲೆ ಸಿಟ್ಟು ಮಾಡಬ್ಯಾಡ.’

‘ದೇವರ ಮೇಲೆ ಯಾಕೆ ಸಿಟ್ಟು? ಅವನು ಏನೂ ಕೇಳಿರಲೇ ಇಲ್ವಂತಲ್ಲ.’ ಕಸ್ತೂರಮ್ಮನ ದನಿ ಏರಲಿಲ್ಲ. ‘ನಂಗೆ ಸಾಕಾಗೈತೆ ಅತ್ತೆ. ಇವತ್ತು ಮಗೂನೂ ಇಲ್ಲ ಅಂತ ಆಯ್ತು. ಅಷ್ಟು ಅಳಾಕಾದ್ರೂ ನನ್ನ ಬಿಡ್ರಿ.’

ಆಗ ಅವಳಿಗೆ ಅಳು ಬಂತು. ಇಷ್ಟು ವರ್ಷ ಅಳದೇ ಇಟ್ಟದ್ದೆಲ್ಲ ಒಟ್ಟಿಗೇ ಬಂತು. ಮೊಣಕಾಲಲ್ಲಿ ಮುಖ ಹುದುಗಿಸಿ, ಹೊರಗೆ ಕೇಳುತ್ತದೆಂಬ ಅಂಜಿಕೆಯಿಲ್ಲದೆ ಅತ್ತಳು.

ಕಲ್ಲಮ್ಮ ತನ್ನ ಮುಟ್ಟು ನಿಂತ ಮೇಲೆ ಆ ಕೋಣೆಯ ಹೊಸ್ತಿಲನ್ನು ಯಾವತ್ತೂ ದಾಟಿದವಳಲ್ಲ. ಊಟದ ತಟ್ಟೆಯನ್ನೂ ಆಚೆಯಿಂದಲೇ ಸರಿಸುವವಳು. ಸ್ವಲ್ಪ ಹೊತ್ತು ಬಾಗಿಲ ಚೌಕಟ್ಟು ಹಿಡಿದು ನಿಂತಳು. ಆಮೇಲೆ ಒಳಗೆ ಬಂದು, ಉಸ್ಸಪ್ಪಾ ಎಂದು ಮಂಡಿ ಹಿಡಿದುಕೊಂಡು ಸೊಸೆಯ ಮಗ್ಗುಲಲ್ಲಿ ಕೂತಳು.

‘ನಾನೇ ತಂದುಕೊಟ್ಟೆನಲ್ಲೇ’ ಎಂದಳು. ‘ಕರ್ಪೂರದ ಜೊತೆ ನಾನೇ ತಂದು ನಿನ್ನ ಕೈಗೆ ಹಾಕಿದೆನಲ್ಲೇ.’ ಸೊಸೆಯ ತಲೆಯನ್ನು ಎಳೆದು ತೊಡೆಯ ಮೇಲೆ ಇಟ್ಟುಕೊಂಡಳು. ಅಂಗಳದಿಂದ ಮಹೇಶ್ವರಪ್ಪ ‘ಅವ್ವಾ, ಕೇಳ್ತಾ ಅವರೆ’ ಎಂದು ಕೂಗಿದ.

‘ಪ್ರೇಮ ಕಳಸ ಹಿಡೀಲಿ, ಹೊರಡಿಸೋ!’ ಎಂದು ಕಲ್ಲಮ್ಮ ಕೂತಲ್ಲಿಂದಲೇ ಕೂಗಿ ಹೇಳಿದಳು. ‘ನಾವು ಬರಲ್ಲ.’

ಸಮಾಳ ಮತ್ತೆ ಶುರುವಾಗಿ ಬೀದಿಗಿಳಿಯಿತು. ಜನರ ಸದ್ದು ಗುಡಿಯ ಕಡೆ ಸರಿಯುತ್ತ ಹೋಯಿತು. ಕಸ್ತೂರಮ್ಮನ ಬಿಕ್ಕು ನಿಧಾನವಾಗಿ ನಿಂತಿತು. ‘ಐದನೇ ದಿನಕ್ಕೆ ಮತ್ತೆ ಮಾತ್ರೆ ಶುರು ಮಾಡಬೇಕು’ ಎಂದು ಗೊಣಗಿದಳು. ‘ಇದೂ ಆಗದಿದ್ರೆ ಏನತ್ತೆ?’

ಕಲ್ಲಮ್ಮ ಸೊಸೆಯ ಮುಡಿಯ ಹೂ ಬಿಡಿಸಿ ಪಕ್ಕಕ್ಕಿಟ್ಟಳು, ಸೆರಗಿನಿಂದ ಮುಖ ಒರೆಸಿದಳು.

‘ಮಲಕ್ಕೋ’ ಎಂದಳು. ‘ಇವತ್ತು ದೇವರೇ ಬಂದು ಕರೆದ್ರೂ ಏಳಬ್ಯಾಡ.’

ಕಸ್ತೂರಮ್ಮ ಕಣ್ಣು ಮುಚ್ಚಿದಳು.